ಕಣ್ಣುರಿ ಹೇಳುವಾಗ ಮುಟ್ಟು ನಿಂತದ್ದನ್ನೂ ಹೇಳಿ

ಧಾರವಾಡದ ಮಹಿಳಾ ಮಂಡಳವೊಂದರ ಸಭೆಯಲ್ಲಿ ಕಣ್ಣಿನ ಡಾಕ್ಟರಾಗಿ ನಾನು ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ನಲವತ್ತೈದು ದಾಟಿದವರು ಎಂದು ಮಂಡಳದವರು ಹೇಳಿದರು. ಅದಕ್ಕೇ ಮುಟ್ಟು ನಿಂತ ಮೇಲೆ ಕಣ್ಣು ಒಣಗುವ ವಿಷಯ ಆರಿಸಿಕೊಂಡೆ.

ಕಣ್ಣಿನ ದವಾಖಾನೆಗೆ ಈ ವಯಸ್ಸಿನ ಹೆಣ್ಣುಮಕ್ಕಳು ಬಂದು ಕೂತರೆ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಡಾಕ್ಟ್ರ, ಕಣ್ಣಾಗ ಉಸುಕು ಬಿದ್ದಂಗ ಆಗ್ತದರಿ." "ಸಂಜಿ ಆತಂದ್ರ ಭಾಳ ಉರಿತಾವ." "ಮುಂಜಾನೆ ಎದ್ದ ಕೂಡ್ಲೆ ರೆಪ್ಪಿ ತೆಗೀಲಿಕ್ಕೇ ಬರೂದಿಲ್ಲ." ಆಮೇಲೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತೇವೆ. ಕೊನೆಯ ಸಾಲಿನವರೆಗೂ ಓದುತ್ತಾರೆ. ಪೊರೆ ಇಲ್ಲ, ಒತ್ತಡ ಸರಿ ಇದೆ. "ಕಣ್ಣು ಚಲೋ ಅದಾವ ಅವ್ವ, ವಯಸ್ಸಾದ ಮ್ಯಾಲೆ ಇಷ್ಟು ಇರೂದ" ಎಂದು ಯಾರೋ ಹೇಳಿ ಕಳಿಸುತ್ತಾರೆ. ಆಕೆ ಮನೆಗೆ ಹೋಗುತ್ತಾರೆ. ಉರಿ ಹಾಗೇ ಇರುತ್ತದೆ. ಮನೆಯವರು, "ಡಾಕ್ಟ್ರೇ ಏನೂ ಇಲ್ಲ ಅಂದಾರ, ಸುಮ್ನ ಮನಸಿಗೆ ಹಚ್ಚಿಕೊಂಡಿ" ಎನ್ನುತ್ತಾರೆ. ಮುಂದೆ ಆಕೆ ಹೇಳುವುದನ್ನೇ ಬಿಡುತ್ತಾರೆ.

ಹೀಗಾಗಬಾರದು. ಇದು ಮನಸ್ಸಿಗೆ ಹಚ್ಚಿಕೊಂಡದ್ದಲ್ಲ. ಇದಕ್ಕೆ ಹೆಸರಿದೆ, ಕಾರಣ ಇದೆ, ಪರೀಕ್ಷೆ ಇದೆ, ಔಷಧವೂ ಇದೆ. ಕಣ್ಣು ಒಣಗುವ ಕಾಯಿಲೆ. ಇಂಗ್ಲಿಷಿನಲ್ಲಿ ಡ್ರೈ ಐ ಅನ್ನುತ್ತಾರೆ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ.

ಬಂದವರು ಉರಿ ಹೇಳುತ್ತಾರೆ, ಬಿಪಿ ಹೇಳುತ್ತಾರೆ, ಮೊಣಕಾಲ ನೋವೂ ಹೇಳುತ್ತಾರೆ. ಮುಟ್ಟು ನಿಂತು ಎಷ್ಟು ವರ್ಷ ಆಯಿತು ಎಂಬುದನ್ನು ಮಾತ್ರ ತಾವಾಗಿ ಹೇಳುವುದಿಲ್ಲ. ಕಣ್ಣಿನ ಡಾಕ್ಟರಿಗೆ ಅದನ್ನು ಯಾಕೆ ಹೇಳಬೇಕು ಅನ್ನಿಸುತ್ತದೆ. ಎದುರು ಕೂತವರು ಗಂಡಸಾಗಿದ್ದರಂತೂ ಬಾಯೇ ಬರುವುದಿಲ್ಲ. ಡಾಕ್ಟರೂ ಎಷ್ಟೋ ಸಲ ಕೇಳುವುದಿಲ್ಲ. ಆ ಒಂದು ಮಾತು ಬಾರದೇ ಹೋದದ್ದಕ್ಕೆ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಉರಿ ನುಂಗಿಕೊಂಡು ಕೂತಿದ್ದಾರೆ. ಇವತ್ತು ನಾನು ಬಂದದ್ದೇ ಆ ಮಾತಿನ ಸಂಕೋಚ ಬಿಡಿಸಲಿಕ್ಕೆ.

ಮೊದಲು ಕಣ್ಣೀರಿನ ವಿಷಯ ನೋಡೋಣ. ಅಳುವಾಗ ಬರುವ ನೀರು ಬೇರೆ. ಕಣ್ಣಿನ ಮೇಲೆ ದಿನವಿಡೀ ಒಂದು ತೆಳು ಪಸೆ ಇರುತ್ತದೆ, ನಾನು ಹೇಳುತ್ತಿರುವುದು ಅದರ ಬಗ್ಗೆ. ಭಾಳ ತೆಳು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಸುಮಾರು ಮೂರು ಪಾಲಿನಷ್ಟು ದಪ್ಪ. ಅಷ್ಟರಲ್ಲೇ ಮೂರು ಬಗೆಯ ವಸ್ತು ಸೇರಿರುತ್ತದೆ. ಕೆಳಗೆ ಲೋಳೆ, ಅದು ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುತ್ತದೆ. ನಡುವೆ ನೀರು, ಅದು ಹುಬ್ಬಿನ ಹೊರತುದಿಯ ಕೆಳಗಿರುವ ಕಣ್ಣೀರಿನ ಗ್ರಂಥಿಯಿಂದ ಬರುತ್ತದೆ. ಎಲ್ಲಕ್ಕಿಂತ ಮೇಲೆ ಎಣ್ಣೆಯ ಪದರ. ಎಣ್ಣೆ ಇದ್ದರೆ ನೀರು ಬೇಗ ಆರುವುದಿಲ್ಲ.

ಈ ಎಣ್ಣೆ ಎಲ್ಲಿಂದ ಬರುತ್ತದೆ? ಮನೆಗೆ ಹೋದ ಮೇಲೆ ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ನೋಡಿ. ಕೂದಲು ಹುಟ್ಟುವ ಸಾಲಿನ ಹಿಂದೆ, ಕಣ್ಣಿಗೆ ತಾಗುವ ಅಂಚಿನಲ್ಲಿ, ಸೂಜಿಮೊನೆಯಂಥ ಸಣ್ಣ ಬಾಯಿಗಳ ಒಂದು ಸಾಲಿದೆ. ಚಾಳೀಸು ಹಾಕಿಕೊಂಡರೆ ಕೆಲವರಿಗೆ ಕಂಡೀತು. ಅವು ಎಣ್ಣೆ ಗ್ರಂಥಿಗಳ ಬಾಯಿಗಳು. ಮೇಲಿನ ರೆಪ್ಪೆಯಲ್ಲಿ ಇಪ್ಪತ್ತೈದರಿಂದ ನಲವತ್ತು, ಕೆಳಗಿನದರಲ್ಲಿ ಇಪ್ಪತ್ತರಿಂದ ಮೂವತ್ತು ಇರುತ್ತವೆ. ಜರ್ಮನಿಯ ಹೈನ್‌ರಿಖ್ ಮೈಬೋಮ್ ಎಂಬ ವೈದ್ಯ 1666ರಲ್ಲಿ ಇವುಗಳನ್ನು ವಿವರಿಸಿದ. ಅದಕ್ಕೇ ಇವಕ್ಕೆ ಮೈಬೋಮಿಯನ್ ಗ್ರಂಥಿ ಎಂಬ ಹೆಸರು ಬಂತು. ಪ್ರತಿ ಸಲ ರೆಪ್ಪೆ ಬಡಿದಾಗ ಈ ಗ್ರಂಥಿಗಳು ಒತ್ತಿಕೊಂಡು ಚೂರು ಎಣ್ಣೆ ಹೊರಬರುತ್ತದೆ. ರೆಪ್ಪೆ ಮೇಲೆದ್ದಾಗ ಅದು ಕಣ್ಣಿನ ತುಂಬ ಹರಡುತ್ತದೆ.

ಚಲೋ ಇರುವಾಗ ಈ ಎಣ್ಣೆ ತಿಳಿಯಾಗಿರುತ್ತದೆ. ಕೆಟ್ಟಾಗ ಡಿಸೆಂಬರಿನ ಬೆಳಿಗ್ಗೆ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಹಾಗೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಬಾಯಿ ಮುಚ್ಚಿಕೊಳ್ಳುತ್ತದೆ, ಎಣ್ಣೆ ಹೊರಬರುವುದಿಲ್ಲ. ಕಣ್ಣಿನಲ್ಲಿ ನೀರಿದ್ದರೂ ಆರಿಹೋಗುತ್ತದೆ. ಕಣ್ಣು ಒಣಗಿದವರಲ್ಲಿ ಹೆಚ್ಚಿನವರ ತೊಂದರೆ ಇರುವುದು ಇಲ್ಲೇ.

ಈಗ ಮುಟ್ಟಿನ ಮಾತಿಗೆ ಬರುತ್ತೇನೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ಅಮೆರಿಕ, ಯುರೋಪಿನ ಹೆಣ್ಣುಮಕ್ಕಳಿಗೆ ಇದು 51ರ ಆಸುಪಾಸು. ನಮ್ಮ ದೇಶದಲ್ಲಿ ಸರಾಸರಿ 46, 47ಕ್ಕೇ ಬರುತ್ತದೆ. ಆ ಹೊತ್ತಿಗೆ ಮೈಯಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನು ಇಳಿಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಮೈ ಒಮ್ಮೆಲೇ ಬಿಸಿಯಾಗುವುದು, ಬೆವರು, ನಿದ್ದೆ ಬಾರದಿರುವುದು, ಎಲುಬು ಸವೆಯುವುದು ಎಲ್ಲ ಅದರಿಂದ. ಆದರೆ ಕಣ್ಣಿನ ಮಟ್ಟಿಗೆ ಇನ್ನೊಂದು ಹಾರ್ಮೋನು ದೊಡ್ಡದು, ಆಂಡ್ರೋಜೆನ್. ಅದನ್ನು ಗಂಡಸರ ಹಾರ್ಮೋನು ಅನ್ನುತ್ತಾರೆ. ಹೆಣ್ಣಿನ ಮೈಯಲ್ಲೂ ಅದು ಸ್ವಲ್ಪ ಇರುತ್ತದೆ. ಅಂಡಾಶಯದಲ್ಲೂ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ತಯಾರಾಗುತ್ತದೆ. ಕಣ್ಣೀರಿನ ಗ್ರಂಥಿಯೂ ರೆಪ್ಪೆಯ ಎಣ್ಣೆ ಗ್ರಂಥಿಯೂ ಸರಿಯಾಗಿ ಕೆಲಸ ಮಾಡಲು ಅದು ಬೇಕು. ಹೆಣ್ಣಿಗೆ ಮೊದಲೇ ಇದು ಕಡಿಮೆ. ವಯಸ್ಸಿನ ಜೊತೆ ಇನ್ನೂ ಇಳಿಯುತ್ತದೆ. ಆಗ ಗ್ರಂಥಿಗಳು ಸೊರಗುತ್ತವೆ. ಗಂಡಸರಿಗೂ ವಯಸ್ಸಾಗುತ್ತದೆ, ಅವರ ಕಣ್ಣೂ ಒಣಗುತ್ತದೆ. ಆದರೆ ಹೆಣ್ಣುಮಕ್ಕಳಲ್ಲಿ ಜಾಸ್ತಿ, ಬೇಗ.

ಗರ್ಭಕೋಶ ತೆಗೆಸಿಕೊಂಡವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ಮೂವರಿಗೆ ಗರ್ಭಕೋಶ ತೆಗೆದಾಗಿತ್ತು. ಹಾವೇರಿ ಜಿಲ್ಲೆಯಲ್ಲಿ, ರಾಣೆಬೆನ್ನೂರು ಕಡೆಯ ತಾಂಡಾಗಳ ಹೆಣ್ಣುಮಕ್ಕಳು ತಮಗೆ ಅನಗತ್ಯವಾಗಿ ಗರ್ಭಕೋಶ ತೆಗೆದರೆಂದು ನ್ಯಾಯ ಕೇಳಿ ಬೀದಿಗಿಳಿದದ್ದನ್ನು ನೀವು ಪೇಪರಿನಲ್ಲಿ ಓದಿದ್ದೀರಿ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರು ಮೂವತ್ತೈದಕ್ಕೇ ಗರ್ಭಕೋಶ ಕಳೆದುಕೊಂಡು ಬರುವುದು ನನಗೆ ಸಂಕಟದ ವಿಷಯ. ಗರ್ಭಕೋಶ ಒಂದನ್ನೇ ತೆಗೆದು ಅಂಡಾಶಯ ಉಳಿಸಿದ್ದರೆ ಹಾರ್ಮೋನು ಬರುತ್ತಿರುತ್ತದೆ. ಅಂಡಾಶಯವನ್ನೂ ತೆಗೆದಿದ್ದರೆ ಹತ್ತು ವರ್ಷದಲ್ಲಿ ಮೆಲ್ಲಗೆ ಆಗಬೇಕಾದ್ದು ಒಂದೇ ದಿನದಲ್ಲಿ ಆಗುತ್ತದೆ. ಆಕೆಗೆ ವಯಸ್ಸು ಮೂವತ್ತೆಂಟು ಇರಬಹುದು. ಕಣ್ಣೂ ಎಲುಬೂ ಐವತ್ತೈದರವರಂತೆ ತ್ರಾಸು ಕೊಡುತ್ತವೆ. ಹಾಗಾಗಿ ಆಪರೇಷನ್ ಆದವರು ಡಿಸ್ಚಾರ್ಜ್ ಕಾರ್ಡ್ ಜೋಪಾನವಾಗಿಡಿ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂದು ಕೇಳಿ ತಿಳಿದುಕೊಳ್ಳಿ. ಕಣ್ಣಿನ ಡಾಕ್ಟರಿಗೂ ಆ ಕಾರ್ಡ್ ತೋರಿಸಿ.

ಇನ್ನು ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಸಂಗತಿ. ಅಣ್ಣಿಗೇರಿ ಕಡೆಯ ಒಬ್ಬ ಅಜ್ಜಿ ನನ್ನ ಮುಂದೆ ಕೂತು ಸೆರಗಿನಿಂದ ಕಣ್ಣು ಒರೆಸುತ್ತಲೇ ಇದ್ದರು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಕಣ್ಣು ಒಣಗಿದೆ ಎಂದೆ. "ಅಲ್ರೀ ಬಾಯಾರ, ನೀರು ಹಿಂಗ ಸೋರಾಕತ್ತೇತಿ, ನೀವು ಒಣಗೇತಿ ಅಂತೀರಲ್ಲ!" ಎಂದರು. ಅವರ ಪ್ರಶ್ನೆ ಸರಿಯೇ ಇತ್ತು. ಆಗುವುದು ಹೀಗೆ. ಎಣ್ಣೆ ಇಲ್ಲದೆ ಪಸೆ ಆರುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲ್ಮೈಯಲ್ಲಿ ನರಗಳು ಬಹಳ, ಮೈಯಲ್ಲಿ ಅಷ್ಟು ಸೂಕ್ಷ್ಮವಾದ ಜಾಗ ಇನ್ನೊಂದಿಲ್ಲ ಎನ್ನಬಹುದು. ಅಲ್ಲಿ ಚೂರು ಒಣಗಿದರೂ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಕಣ್ಣೀರಿನ ಗ್ರಂಥಿಗೆ ಹೇಳಿ ಒಮ್ಮೆಲೇ ನೀರು ಸುರಿಸುತ್ತದೆ. ಈರುಳ್ಳಿ ಹೆಚ್ಚುವಾಗ ಬರುವುದೂ ಇಂಥದೇ ನೀರು. ಅದರಲ್ಲಿ ಎಣ್ಣೆ ಇಲ್ಲ, ಲೋಳೆ ಇಲ್ಲ. ಕಣ್ಣಿನ ಮೇಲೆ ನಿಲ್ಲದೆ ಗಲ್ಲಕ್ಕಿಳಿದು ಹೋಗುತ್ತದೆ. ಕಣ್ಣು ಮತ್ತೆ ಒಣಗುತ್ತದೆ, ಮತ್ತೆ ಸುರಿಯುತ್ತದೆ. ಗಾಳಿಗೆ ಹೋದರೆ, ಟಿವಿ ಮುಂದೆ ಕೂತರೆ, ಬಸ್ಸಿನ ಕಿಟಕಿ ಬದಿ ಕೂತರೆ ನೀರು ಜಾಸ್ತಿ ಬರುವವರು ಇದ್ದರೆ, ಮೊದಲು ಒಣಗಿದ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಕಣ್ಣೀರಿನ ನಾಳ ಕಟ್ಟಿಕೊಂಡರೂ ನೀರು ಸೋರುತ್ತದೆ. ಅದನ್ನು ಡಾಕ್ಟರೇ ನೋಡಿ ಬೇರೆ ಮಾಡಬೇಕು.

ಮಂಜುಮಂಜಾಗಿ ಕಾಣುವುದೂ ಇದರದೇ ಲಕ್ಷಣ. ಪೊರೆಯ ಮಂಜು ರೆಪ್ಪೆ ಬಡಿದರೆ ಹೋಗುವುದಿಲ್ಲ. ಒಣಗಿದ ಕಣ್ಣಿನ ಮಂಜು ಎರಡು ಸಲ ರೆಪ್ಪೆ ಬಡಿದರೆ ಸರಿಹೋಗಿ, ಸ್ವಲ್ಪ ಹೊತ್ತಿಗೆ ತಿರುಗಿ ಬರುತ್ತದೆ. ಮನೆಯಲ್ಲೇ ಗಮನಿಸಬಹುದು.

ಇನ್ನು ನಮ್ಮ ಊರುಗಳು, ನಮ್ಮ ಕೆಲಸಗಳು. ಹಾರ್ಮೋನು ಎಲ್ಲ ಹೆಣ್ಣುಮಕ್ಕಳಿಗೂ ಇಳಿಯುತ್ತದೆ, ಎಲ್ಲರ ಕಣ್ಣೂ ಒಂದೇ ಸಮ ಉರಿಯುವುದಿಲ್ಲ. ವ್ಯತ್ಯಾಸ ಬರುವುದು ಗಾಳಿ, ಧೂಳು, ಹೊಗೆ ಮತ್ತು ಕೆಲಸದಿಂದ. ಕಪ್ಪತಗುಡ್ಡದ ಮೇಲೆ ಗಾಳಿ ಗಿರಣಿ ತಿರುಗುತ್ತವೆ ಎಂದರೆ ಗದಗಿನ ಗಾಳಿ ಎಂಥದೆಂದು ಬೇರೆ ಹೇಳಬೇಕಿಲ್ಲ. ಹುಬ್ಬಳ್ಳಿಯ ಧೂಳಂತೂ ನಿಮಗೆಲ್ಲ ಗೊತ್ತಿದ್ದದ್ದೇ. ಮಾಘ ಕಳೆದ ಮೇಲೆ ಮಳೆ ಬೀಳುವ ತನಕ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ.

ರೊಟ್ಟಿ ಮಾಡಿ ಮಾರುವ ತಾಯಂದಿರನ್ನು ನೆನೆಯಿರಿ. ಖಾನಾವಳಿಗೆ, ಮದುವೆಗೆ ಎಂದು ನೂರಾರು ರೊಟ್ಟಿ ಬಡಿಯುತ್ತಾರೆ. ಹಂಚಿನ ಬಿಸಿ ಮುಖಕ್ಕೆ ನೇರ ಹೊಡೆಯುತ್ತದೆ. ಕಟ್ಟಿಗೆ ಒಲೆಯಾದರೆ ಹೊಗೆಯೂ ಸೇರುತ್ತದೆ. ರೊಟ್ಟಿ ಮೇಲೆ ನೀರು ಸವರುವಾಗ, ತಿರುವಿ ಹಾಕುವಾಗ ಹೊತ್ತೀತೆಂದು ಕಣ್ಣು ಹಂಚಿನ ಮೇಲೇ ಇರುತ್ತದೆ. ಬ್ಯಾಡಗಿಯಲ್ಲಿ ಸುಗ್ಗಿ ಬಂದರೆ ಹೆಣ್ಣುಮಕ್ಕಳು ಗುಂಪಾಗಿ ಕೂತು ಮೆಣಸಿನಕಾಯಿ ತುಂಬು ಬಿಡಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೆಸರು. 2011ರಲ್ಲಿ ಅದಕ್ಕೆ ಆ ಸೀಮೆಯದೇ ಬೆಳೆ ಎಂದು ಗುರುತಿಸುವ ಜಿಐ ಮಾನ್ಯತೆಯೂ ಸಿಕ್ಕಿತು. ಖಾರ ಕಡಿಮೆ ಅಂದರೂ ಅದರ ಪುಡಿ ಕಣ್ಣಿನ ನರಕ್ಕೆ ತಾಗಿದರೆ ಬೆಂಕಿಯೇ. ಪಸೆ ಚಲೋ ಇದ್ದ ಕಣ್ಣು ಅದನ್ನು ತೊಳೆದುಕೊಳ್ಳುತ್ತದೆ. ಒಣಗಿದ ಕಣ್ಣಿಗೆ ಆ ಬಲ ಇಲ್ಲ. ಕೂಲಿ ಬಿಡಿ ಎಂದು ನಾನು ಹೇಳಲಾರೆ. ಬದಿ ಮುಚ್ಚುವಂಥ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಳ್ಳಿ. ಗಾಳಿಗೆ ಬೆನ್ನು ಮಾಡಿ ಕೂರಿ. ಕೈಯನ್ನು ಸೋಪು ಹಚ್ಚಿ ತೊಳೆಯದೆ ಕಣ್ಣಿಗೆ ತಾಗಿಸಬೇಡಿ. ಈ ಕನ್ನಡಕವನ್ನು ಕೂಲಿಗೆ ಕರೆದವರೇ ಕೊಡಬೇಕು. ಇದನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಧಾರವಾಡದಲ್ಲಿ ಮಾತಾಡುತ್ತಿರುವುದರಿಂದ ಕಸೂತಿಯ ಮಾತು ಬಿಡಲಾಗದು. ನಿಮ್ಮಲ್ಲಿ ಕೆಲವರ ಕೈಯಲ್ಲೇ ಕೆಲಸ ಇದೆ, ಇಲ್ಲಿಂದ ಕಾಣುತ್ತಿದೆ. ಕಸೂತಿಯವರು ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಸಲ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾರೆಯಾಗುತ್ತದೆ. ಅದೂ ಕಪ್ಪು ಚಂದ್ರಕಾಳಿ ಸೀರೆಯಾದರೆ ಎಳೆ ಕಾಣುವುದೇ ಕಷ್ಟ. ಇಂಥ ಕೆಲಸ ಮಾಡುವ ಒಬ್ಬ ಅಕ್ಕನ ಪಕ್ಕ ಕೂತು ನೋಡಿದ್ದೇನೆ. ಸೂಜಿ ಸಾಲಿನ ತುದಿ ಮುಟ್ಟುವ ತನಕ ಅವರ ರೆಪ್ಪೆ ಅಲುಗಲಿಲ್ಲ. ಸಾಲು ಮುಗಿದಾಗ ಒಂದು ಸಲ ಬಡಿದರು, ಅದೂ ಅರ್ಧಕ್ಕೇ. ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟಲೇ ಇಲ್ಲ. ಸುಮ್ಮನೆ ಕೂತವರು ನಿಮಿಷಕ್ಕೆ ಹದಿನೈದರ ಸುಮಾರು ರೆಪ್ಪೆ ಬಡಿಯುತ್ತಾರೆ. ಕಣ್ಣಿಟ್ಟು ಮಾಡುವ ಕೆಲಸದಲ್ಲಿ ಅದು ಐದಾರಕ್ಕೆ ಇಳಿಯುತ್ತದೆ. ಅರ್ಧ ಬಡಿದರೆ ಗ್ರಂಥಿ ಒತ್ತಿಕೊಳ್ಳುವುದಿಲ್ಲ, ಎಣ್ಣೆ ಬರುವುದಿಲ್ಲ. ಮೊಬೈಲಿನಲ್ಲಿ ಧಾರಾವಾಹಿ ನೋಡುವಾಗ ಆಗುವುದೂ ಇದೇ. ಆ ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ. ಪ್ರತಿ ಸಾಲಿನ ಕೊನೆಗೆ ಸೂಜಿ ನಿಲ್ಲಿಸಿ. ಕಣ್ಣು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡು ಎಣಿಸಿ, ಚೂರು ಒತ್ತಿ ತೆರೆಯಿರಿ. ಕೆಲಸದ ಜೊತೆಗೇ ಆಗುವ ವ್ಯಾಯಾಮ, ಬೇರೆ ಹೊತ್ತು ಬೇಕಿಲ್ಲ.

ಪರೀಕ್ಷೆಗೆ ಹೆದರಬೇಡಿ. ನೋಯುವುದಿಲ್ಲ. ಹಳದಿ ಬಣ್ಣದ ಚೂರು ಔಷಧ ಹಚ್ಚಿ, ನೀಲಿ ಬೆಳಕಿನಲ್ಲಿ ನೋಡುತ್ತಾ, ರೆಪ್ಪೆ ಬಡಿಯದೆ ಇರಿ ಅನ್ನುತ್ತಾರೆ. ಪಸೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ಎಣಿಸುತ್ತಾರೆ. ಹತ್ತು ಸೆಕೆಂಡಿನೊಳಗೆ ಒಡೆದರೆ ಪಸೆ ನಿಲ್ಲುತ್ತಿಲ್ಲ ಎಂದರ್ಥ. ಇನ್ನೊಂದು ಶಿರ್ಮರ್ ಪರೀಕ್ಷೆ, 1903ರಿಂದ ಇದೆ. ಐದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಹತ್ತು ಮಿಲಿಮೀಟರಿಗಿಂತ ಕಡಿಮೆ ಒದ್ದೆಯಾದರೆ ಅನುಮಾನ, ಐದಕ್ಕಿಂತ ಕಡಿಮೆಯಾದರೆ ನೀರೇ ಕಡಿಮೆ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ ಎಂದು ಹೆಸರು), ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗ ಮತ್ತು ಹಾವೇರಿಯ ಸರಕಾರಿ ವೈದ್ಯಕೀಯ ಸಂಸ್ಥೆಗಳ ದವಾಖಾನೆ, ಎಲ್ಲಿಯಾದರೂ ಕಣ್ಣಿನ ವಿಭಾಗಕ್ಕೆ ಹೋಗಿ, "ನನ್ನ ಕಣ್ಣು ಒಣಗಿರಬಹುದು, ನೋಡಿರಿ" ಎಂದು ಬಾಯಿಬಿಟ್ಟು ಕೇಳಿ.

ಮನೆಯಲ್ಲಿ ಮಾಡುವ ಆರೈಕೆಯಲ್ಲಿ ಎಲ್ಲಕ್ಕಿಂತ ಮೇಲು ಶಾಖ. ಉರಿಯುವ ಕಣ್ಣಿಗೆ ತಣ್ಣೀರು ಬಟ್ಟೆ ಹಾಕಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಹಿತವಾಗುತ್ತದೆ, ಗಟ್ಟಿಯಾದ ಎಣ್ಣೆ ಮಾತ್ರ ಕರಗುವುದಿಲ್ಲ. ಮಾಡುವ ರೀತಿ ಹೇಳುತ್ತೇನೆ. ಹಳೆಯ ಧೋತರದ ಸ್ವಚ್ಛ ತುಂಡು ಎರಡು ತೆಗೆದುಕೊಳ್ಳಿ. ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ. ಮುಂಗೈ ಒಳಬದಿಗೆ ಇಟ್ಟು ನೋಡಿ, ಸುಡಬಾರದು. ಕಣ್ಣು ಮುಚ್ಚಿ ರೆಪ್ಪೆಯ ಮೇಲಿಡಿ. ಬಟ್ಟೆ ಒಂದೆರಡು ನಿಮಿಷಕ್ಕೆ ತಣ್ಣಗಾಗುತ್ತದೆ, ಹೆಚ್ಚಿನವರು ಅಲ್ಲಿಗೇ ಮುಗಿಸುತ್ತಾರೆ. ಹಾಗೆ ಮಾಡಿದರೆ ಉಪಯೋಗ ಇಲ್ಲ. ಎರಡನೇ ತುಂಡು ತಯಾರಿಟ್ಟು ಬದಲಾಯಿಸುತ್ತ ಐದರಿಂದ ಹತ್ತು ನಿಮಿಷ ಬಿಸಿ ಉಳಿಸಬೇಕು. ಆಮೇಲೆ ತಡಮಾಡದೆ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಗೆ, ಕೆಳಗಿನದನ್ನು ಕೆಳಗಿಂದ ಮೇಲೆ, ಕೂದಲಿನ ಸಾಲಿನ ಕಡೆಗೆ ಮೆಲ್ಲಗೆ ಒತ್ತಿ ಸವರಿ. ಕಣ್ಣಿನ ಗುಡ್ಡೆ ಮೇಲೆ ಒತ್ತಬೇಡಿ. ಕೊನೆಗೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆಯ ಅಂಚು ಒರೆಸಿ. ಮುಂಜಾನೆ ಒಂದು ಸಲ, ರಾತ್ರಿ ಒಂದು ಸಲ. ಎರಡು ದಿನಕ್ಕೆ ಫಲ ಕಾಣುವುದಿಲ್ಲ. ಒಂದು ತಿಂಗಳು ಬಿಡದೆ ಮಾಡಿ. ಬಾಣಂತನದಲ್ಲಿ ಮಗಳಿಗೆ, ಸೊಸೆಗೆ ದಿನ ತಪ್ಪದೆ ಕಾಸುತ್ತೀರಿ, ಅಲ್ವಾ? ನಿಮ್ಮ ಕಣ್ಣಿಗೂ ಅಷ್ಟು ಹೊತ್ತು ಕೊಡಿ.

ಮಲಗುವಾಗ ಫ್ಯಾನಿನ ಗಾಳಿ ನೇರ ಮುಖಕ್ಕೆ ಬರದಂತೆ ಹಾಸಿಗೆ ಸರಿಸಿ. ಗಾಡಿ ಮೇಲೆ ಹಿಂದೆ ಕೂರುವಾಗಲೂ ಕನ್ನಡಕ ಇರಲಿ. ಟಿವಿ, ಮೊಬೈಲು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಕೆಳಗೆ ನೋಡುವಾಗ ಕಣ್ಣು ಕಡಿಮೆ ತೆರೆದಿರುತ್ತದೆ, ಕಡಿಮೆ ಆರುತ್ತದೆ.

ಡ್ರಾಪ್ಸ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೃತಕ ಕಣ್ಣೀರು ಎಂದು ಸಿಗುತ್ತದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹೈಯಲುರೊನೇಟ್ ಎಂದು ಡಬ್ಬಿ ಮೇಲೆ ಬರೆದಿರುತ್ತದೆ. ಒಂದು ಸಲಕ್ಕೆ ಒಂದೇ ಹನಿ ಸಾಕು. ಕಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಪಸೆ ಏಳು ಮೈಕ್ರೋಲೀಟರ್ ಮಾತ್ರ, ಅಂದರೆ ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಏಳು ಪಾಲು. ಹೆಚ್ಚೆಂದರೆ ಮೂವತ್ತು ಹಿಡಿದೀತು. ಬಾಟಲಿಯ ಒಂದು ಹನಿಯೇ ನಲವತ್ತರ ಹತ್ತಿರ. ಎರಡನೇ ಹನಿ ಗಲ್ಲದ ಪಾಲು, ದುಡ್ಡೂ ಅಲ್ಲೇ ಹೋಗುತ್ತದೆ. ಹಾಕಿದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಕೆಡದಂತೆ ಸೇರಿಸುವ ರಾಸಾಯನಿಕ ಇರುವ ಡ್ರಾಪ್ಸನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಬೇಕಾಗಿ ಬಂದರೆ, ಆ ರಾಸಾಯನಿಕವೇ ಕಣ್ಣು ಕೆರಳಿಸುತ್ತದೆ. ಆಗ ಅದಿಲ್ಲದ ಬಗೆ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಬಾಟಲಿ ಒಡೆದ ದಿನ ಅದರ ಮೇಲೆ ಬರೆದಿಡಿ. ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಚೆಲ್ಲಬೇಕು. ಮನೆಮಂದಿಗೆಲ್ಲ ಒಂದೇ ಬಾಟಲಿ ಬೇಡ.

ಇದರಿಂದ ಸಾಲದವರಿಗೆ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಇದೆ. ಹಾಕಿದಾಗ ಉರಿಯುತ್ತದೆ, ಫಲ ಕಾಣಲು ಮೂರು ತಿಂಗಳೂ ಹಿಡಿಯಬಹುದು. ಇದು ಮೊದಲೇ ಗೊತ್ತಿಲ್ಲದೆ ಎಷ್ಟೋ ಜನ ವಾರದಲ್ಲೇ ಬಿಡುತ್ತಾರೆ. ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಸಣ್ಣ ಬಿರಡೆ ಹಾಕಿ ಇದ್ದ ನೀರನ್ನು ಉಳಿಸುವ ಉಪಾಯವೂ ಇದೆ.

ನನ್ನನ್ನು ನಿಜಕ್ಕೂ ಹೆದರಿಸುವುದು ಬೇರೆ. ಕಣ್ಣು ಕೆಂಪಾಗಿದೆ ಎಂದು ಮಗನನ್ನು ಔಷಧ ಅಂಗಡಿಗೆ ಕಳಿಸುವುದು, ಅವರು ಯಾವುದೋ ಡ್ರಾಪ್ಸ್ ಕೊಡುವುದು, ಅದು ಮರುದಿನವೇ ಹಿತವಾಗುವುದು. ಮರುದಿನವೇ ಹಿತವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದು ಬರೆದಿದೆಯೇ ನೋಡಿ, ಓದಲು ಬಾರದಿದ್ದರೆ ಓದಿಸಿ. ಡಾಕ್ಟರ ಕಣ್ಗಾವಲಿನಲ್ಲಿ ಕೆಲವು ದಿನ ಹಾಕುವುದು ಬೇರೆ. ತಾವಾಗಿ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ನೋಟದ ನರ ಹಾಳಾಗುವ ಗ್ಲಾಕೋಮಾ ಬರುತ್ತದೆ, ಪೊರೆಯೂ ಬೇಗ ಬೆಳೆಯುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ನವಲಗುಂದ ಕಡೆಯ ಒಬ್ಬ ತಾಯಿ ಇಂಥ ಬಾಟಲಿಯನ್ನೇ ವರ್ಷಗಟ್ಟಲೆ ತರಿಸಿ ಹಾಕಿಕೊಂಡಿದ್ದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಒಂದು ಕಣ್ಣಿನಲ್ಲಿ ಎದುರಿಗೆ ಕೂತವರ ಮುಖ ಮಾತ್ರ ಕಾಣುತ್ತಿತ್ತು, ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ. ಅವರಿಗಿದ್ದದ್ದು ಬರೀ ಒಣಗಿದ ಕಣ್ಣು. ಸರಿಪಡಿಸಬಹುದಾದ ಕಾಯಿಲೆಗೆ ಹೋಗಿ ಕಣ್ಣನ್ನೇ ಕಳೆದುಕೊಂಡರು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದರೆ ಅದನ್ನು ಬೇರೆಯೇ ನೋಡಬೇಕು. ಕಟಿ ರೊಟ್ಟಿ ನೀರಿಲ್ಲದೆ ನುಂಗಲಾಗದು, ರಾತ್ರಿ ನೀರಿಗಾಗಿ ಏಳಬೇಕು, ಹಲ್ಲು ಒಂದಾದ ಮೇಲೊಂದು ಹುಳುಕು, ಬೆರಳ ಸಂದುಗಳಲ್ಲಿ ನೋವು, ಇವು ಕೂಡಿದ್ದರೆ ಷೋಗ್ರೆನ್ ಎಂಬ ಕಾಯಿಲೆ ಇರಬಹುದು. ಮೈಯ ರಕ್ಷಣಾ ಶಕ್ತಿಯೇ ಕಣ್ಣೀರಿನ, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ 19 ರೋಗಿಗಳನ್ನು ನೋಡಿ ಇದನ್ನು ವಿವರಿಸಿದರು. ಹತ್ತೊಂಬತ್ತೂ ಜನ ಹೆಣ್ಣುಮಕ್ಕಳೇ. ಇವತ್ತಿಗೂ ಈ ಕಾಯಿಲೆ ಬಂದ ಹತ್ತು ಜನರಲ್ಲಿ ಒಂಬತ್ತು ಜನ ಹೆಣ್ಣುಮಕ್ಕಳು. ರಕ್ತ ಪರೀಕ್ಷೆ ಬೇಕು, ಸಂಧಿವಾತದ ಡಾಕ್ಟರನ್ನೂ ಕಾಣಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೂ ಕಣ್ಣು ಒಣಗುವುದು ಜಾಸ್ತಿ.

ನೀವು ನುಂಗುವ ಗುಳಿಗೆಗಳನ್ನೂ ತೋರಿಸಿ. ನೆಗಡಿ, ಅಲರ್ಜಿಗೆ ಕೊಡುವ ಸೆಟಿರಿಜಿನ್ ತರಹದ್ದು, ನಿದ್ದೆಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ, ಇವು ಕಣ್ಣಿನ ಪಸೆ ಕಡಿಮೆ ಮಾಡಬಹುದು. ನಾನು ಹೇಳಿದೆ ಎಂದು ಬಿಪಿ ಗುಳಿಗೆ ಬಿಡಬೇಡಿ. ಬದಲಾಯಿಸಲು ಬರುತ್ತದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಿ.

ಒಂದೇ ಕಣ್ಣು ಒಮ್ಮೆಲೇ ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಕಡಿಮೆಯಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡು ತಲೆನೋವು, ವಾಂತಿ ಆದರೆ, ಅದು ಒಣಗಿದ ಕಣ್ಣಲ್ಲ. ಶಾಖ ಕೊಡುತ್ತ ಕೂರಬೇಡಿ, ಅವತ್ತೇ ದವಾಖಾನೆಗೆ ಹೋಗಿ.

ಸಭಿಕರ ಪ್ರಶ್ನೆಗಳು

"ಅಗಸಿ ಹಿಂಡಿ ತಿಂದ್ರ ಕಣ್ಣಿಗೆ ಪಸಿ ಬರ್ತದಂತ ಮೊಬೈಲ್ನಾಗ ಬಂದಿತ್ರಿ, ಖರೇನ?"

ಅಗಸಿಯಲ್ಲಿ ಒಮೆಗಾ-3 ಎಂಬ ಕೊಬ್ಬಿನಂಶ ಇದೆ, ನಿಜ. ಆದರೆ 2018ರಲ್ಲಿ ಅಮೆರಿಕದಲ್ಲಿ ಐನೂರಕ್ಕೂ ಜಾಸ್ತಿ ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಕೆಲವರಿಗೆ ಮೀನೆಣ್ಣೆಯ ಒಮೆಗಾ-3 ದಿನಕ್ಕೆ ಮೂರು ಗ್ರಾಂ, ಕೆಲವರಿಗೆ ಬರೀ ಆಲಿವ್ ಎಣ್ಣೆಯ ಗುಳಿಗೆ ಒಂದು ವರ್ಷ ಕೊಟ್ಟರು. ಎರಡೂ ಗುಂಪಿನವರಿಗೆ ಹೆಚ್ಚುಕಮ್ಮಿ ಒಂದೇ ಸಮ ಆರಾಮಾಯಿತು. ಹಾಗಾಗಿ ದುಬಾರಿ ಗುಳಿಗೆ ಕೊಳ್ಳಬೇಡಿ. ಅಗಸಿ ಹಿಂಡಿ ರೊಟ್ಟಿಗೆ ಚಲೋ, ಧಾರಾಳವಾಗಿ ತಿನ್ನಿ. ಅದು ಕಣ್ಣಿನ ಔಷಧ ಎಂದುಕೊಂಡು ಶಾಖ, ಡ್ರಾಪ್ಸ್ ಬಿಡಬೇಡಿ.

"ಹಾರ್ಮೋನು ಕಡಿಮಿ ಆದ್ರ ಹಾರ್ಮೋನು ಗುಳಿಗಿನ ತೊಗೊಂಡ್ರ ಆಗೂದಿಲ್ಲೇನ್ರಿ?"

ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಕಣ್ಣಿನ ಮಟ್ಟಿಗೆ ಲೆಕ್ಕ ಉಲ್ಟಾ ಬಂದಿದೆ. ಅಮೆರಿಕದಲ್ಲಿ ಮುಟ್ಟು ನಿಂತ 25,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಕಣ್ಣು ಒಣಗುವ ಸಂಭವ, ಹಾರ್ಮೋನು ತೆಗೆದುಕೊಳ್ಳದವರಿಗಿಂತ ಶೇಕಡಾ 69 ಹೆಚ್ಚಿತ್ತು. ಅದರ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೂಡಿಸಿ ತೆಗೆದುಕೊಂಡವರಲ್ಲಿ ಶೇಕಡಾ 29 ಹೆಚ್ಚು. ಮೈ ಬಿಸಿಯಾಗುವುದು, ಎಲುಬಿನ ತೊಂದರೆ ಮುಂತಾದ ಕಾರಣಕ್ಕೆ ಸ್ತ್ರೀರೋಗ ತಜ್ಞರು ಕೊಟ್ಟಿದ್ದರೆ ತೆಗೆದುಕೊಳ್ಳಿ, ಹೆದರಬೇಡಿ. ಕಣ್ಣು ಉರಿದರೆ ಅವರಿಗೂ ತಿಳಿಸಿ. ಕಣ್ಣಿಗಾಗಿಯೇ ಹಾರ್ಮೋನು ಕೇಳಿ ಪಡೆಯಬೇಡಿ.

"ಹರಳೆಣ್ಣೆ, ಜೇನುತುಪ್ಪ ಕಣ್ಣಿಗೆ ಹಾಕಬಹುದಾ?"

ಬೇಡ. ಕಣ್ಣೊಳಗೆ ಹಾಕುವುದು ಸೂಕ್ಷ್ಮಜೀವಿ ಇಲ್ಲದಂತೆ ತಯಾರಾಗಿರಬೇಕು. ಅಡುಗೆಮನೆಯ ಡಬ್ಬಿಯಲ್ಲಿದ್ದದ್ದು ಹಾಗಿರುವುದಿಲ್ಲ. ಕಾಡಿಗೆಯನ್ನೂ ರೆಪ್ಪೆಯ ಒಳ ಅಂಚಿಗೆ ಹಚ್ಚಬೇಡಿ, ಎಣ್ಣೆ ಬರುವ ಬಾಯಿಗಳು ಇರುವುದು ಅಲ್ಲೇ.

"ನನಗ ಮುಂದಿನ ತಿಂಗಳು ಪೊರಿ ಆಪರೇಷನ್ ಅದರಿ. ಕಣ್ಣು ಉರಿ ಮೊದಲಿಂದನೂ ಅದ. ಆಪರೇಷನ್ ಆದ್ರ ಅದೂ ಹೋಗ್ತದಲ್ಲ?"

ಕೇಳಿದ್ದು ಬಹಳ ಒಳ್ಳೆಯದಾಯಿತು. ಪೊರೆ ಆಪರೇಷನ್ನಿನಿಂದ ಉರಿ ಹೋಗುವುದಿಲ್ಲ. ಕೊಯ್ಯುವಾಗ ಕರಿಗುಡ್ಡೆಯ ಸಣ್ಣ ನರಗಳು ತುಂಡಾಗುತ್ತವೆ, ಹಾಗಾಗಿ ಕೆಲವು ವಾರ ಉರಿ ಸ್ವಲ್ಪ ಹೆಚ್ಚೇ ಆಗಬಹುದು. ಇನ್ನೊಂದು ಮುಖ್ಯ ವಿಷಯ, ಒಳಗೆ ಹಾಕುವ ಲೆನ್ಸಿನ ನಂಬರು ತೆಗೆಯಲು ಕಣ್ಣಿನ ಮೇಲ್ಮೈಯ ಅಳತೆ ಹಿಡಿಯುತ್ತಾರೆ. ಒಣಗಿದ ಕಣ್ಣಿನಲ್ಲಿ ಆ ಅಳತೆ ತಪ್ಪಬಹುದು. ಆಮೇಲೆ ನಂಬರು ಸರಿ ಹೊಂದಲಿಲ್ಲ ಎಂದು ಪೇಚಾಡಬೇಕಾಗುತ್ತದೆ. ನೀವು ಈ ವಾರವೇ ಹೋಗಿ, ಉರಿ ಇದೆ, ಮುಟ್ಟು ನಿಂತು ಇಷ್ಟು ವರ್ಷವಾಯಿತು ಎಂದು ಹೇಳಿ. ಮೊದಲು ಕಣ್ಣಿನ ಪಸೆ ಸರಿಮಾಡಿ, ಆಮೇಲೆ ಅಳತೆ ತೆಗೆಯುತ್ತಾರೆ. ಅದಕ್ಕಾಗಿ ಆಪರೇಷನ್ನು ಕೆಲವು ವಾರ ಮುಂದೆ ಹೋದರೆ ಚಿಂತೆ ಮಾಡಬೇಡಿ. ಸಾಮಾನ್ಯವಾಗಿ ಪೊರೆಗೆ ಅಷ್ಟು ಅವಸರ ಇರುವುದಿಲ್ಲ. ಆಪರೇಷನ್ ಆಗಿ ಮೂರು ತಿಂಗಳಾದರೂ ಉರಿ ಇಳಿಯದಿದ್ದರೆ, ಮಾಡಿದ ಡಾಕ್ಟರ ಹತ್ತಿರವೇ ತಿರುಗಿ ಹೋಗಿ ತೋರಿಸಿ.